ಒಂದು ಬಲ್ಬು, ಹನ್ನೊಂದು ತಿಂಗಳ ಪ್ಲಾನು

ನಮ್ಮ ಭಾವ ಅಡುಗೆಮನೆಯಲ್ಲಿ ಒಂದು ಬಲ್ಬು ಹಾಕುವುದಕ್ಕೆ ಹನ್ನೊಂದು ತಿಂಗಳು ತೆಗೆದುಕೊಂಡರು. ಹೀಗೆಂದ ಕೂಡಲೇ ನೀವು ಅವರನ್ನು ಸೋಮಾರಿ ಎಂದುಕೊಂಡರೆ ಅದು ಶುದ್ಧ ತಪ್ಪು! ಆ ಹನ್ನೊಂದು ತಿಂಗಳಲ್ಲಿ ಅವರಷ್ಟು ದುಡಿದವರು ಇಡೀ ಭದ್ರಾವತಿಯಲ್ಲೇ ಇರಲಿಕ್ಕಿಲ್ಲ. ಬೆಳಿಗ್ಗೆ ಎದ್ದು ಪ್ಲಾನು ಬರೆಯುತ್ತಿದ್ದರು, ತಿಂಡಿಯಾದ ಮೇಲೆ ಅದನ್ನು ತಿದ್ದುತ್ತಿದ್ದರು, ಊಟವಾದ ಮೇಲೆ ತಿದ್ದಿದ್ದನ್ನು ಅಳಿಸಿ ಮತ್ತೆ ಮೊದಲಿನಂತೆ ಮಾಡುತ್ತಿದ್ದರು. ಇದಕ್ಕಿಂತ ದುಡಿಮೆ ಬೇಕೆ?

ಎಲ್ಲ ಶುರುವಾದದ್ದು ನಮ್ಮ ಅಕ್ಕನ ಕಿವಿಯಿಂದ. ಎರಡು ವರ್ಷದಿಂದ ಅವಳಿಗೆ ಕಿವಿ ಮಂದ. ಎದುರಿಗೆ ಕೂತು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಾಳೆ. ಬಾಗಿಲ ಬೆಲ್ಲು ಮಾತ್ರ ಕೇಳಿಸದು. ಕಿವಿಗೆ ಹಾಕುವ ಮೆಷೀನು ತಂದುಕೊಟ್ಟೆವು. ಒಗ್ಗರಣೆ ಸಿಡಿದರೆ ಪಟಾಕಿ ಹೊಡೆದ ಹಾಗಾಗುತ್ತದೆ ಎಂದು ಅದೇ ದಿನ ಬಿಚ್ಚಿ ಡಬ್ಬಿಯಲ್ಲಿಟ್ಟಳು. ಅದೆಲ್ಲ ನೆಪ. ತನಗೆ ಕಿವಿ ಕೇಳಿಸದೆಂದು ಹೊರಗಿನವರಿಗೆ ಗೊತ್ತಾಗುವುದು ಅವಳಿಗೆ ಬೇಕಿರಲಿಲ್ಲ. ಬೆಲ್ಲು ಒತ್ತಿ ಒತ್ತಿ ಬೇಸತ್ತು ಹೋದವರು, ಈಯಮ್ಮನಿಗೆ ಜಂಬ, ಮನೆಯಲ್ಲಿದ್ದೂ ಬಾಗಿಲು ತೆಗೆಯುವುದಿಲ್ಲ ಎಂದು ಬೀದಿಯಲ್ಲಿ ಆಡಿಕೊಳ್ಳತೊಡಗಿದರು. ಬರುವವರು ಒಬ್ಬೊಬ್ಬರಾಗಿ ಕಡಿಮೆಯಾದರು. ಹಬ್ಬಕ್ಕೆ ಬೀದಿಗೆಲ್ಲ ಹೋಳಿಗೆ ಹಂಚುತ್ತಿದ್ದ ಅಕ್ಕ ಸುಮ್ಮನಾಗಿಬಿಟ್ಟಳು.

ಅವಳು ಕೇಳಿದ್ದು ಇಷ್ಟೇ: ಹೊರಗೆ ಬೆಲ್ಲು ಒತ್ತಿದರೆ ಅಡುಗೆಮನೆಯಲ್ಲಿ ಒಂದು ದೀಪ ಹತ್ತಬೇಕು. ಭಾವ ಕಾಗದ ಕಾರ್ಖಾನೆಯ ಎಲೆಕ್ಟ್ರಿಕಲ್ ವಿಭಾಗದಲ್ಲಿ ಕೂದಲು ನರೆಸಿ ನಿವೃತ್ತರಾಗಿ, ಕಾಗದನಗರದ ಹತ್ತಿರವೇ ಮನೆ ಕಟ್ಟಿಕೊಂಡವರು. ಅವರಿಗೆ ಇದು ಅರ್ಧ ಗಂಟೆಯ ಕೆಲಸ. ತೊಂದರೆಯಾದದ್ದೇ ಅಲ್ಲಿ! ಇಷ್ಟು ಸಣ್ಣ ಕೆಲಸ ತಮ್ಮ ಯೋಗ್ಯತೆಗೆ ಕಡಿಮೆಯಾಯಿತು ಎಂದು ಅವರಿಗೆ ಅನ್ನಿಸಿಬಿಟ್ಟಿತು.

"ಬರೀ ಬಲ್ಬು ಏನಕ್ಕೆ? ಮಾಡೋದೇ ಆದ್ರೆ ಇಡೀ ಮನೆಗೇ ಆಟೋಮೇಷನ್ ಮಾಡೋಣ ಬಿಡು ಮಾರಾಯ್ತಿ," ಎಂದರು.

ಮುಗಿಯಿತು. ಮೊಬೈಲಿನಲ್ಲಿ ಯಾರೋ ಹಿಂದಿಯಲ್ಲಿ ಹೇಳುವ ಪಾಠ ನೋಡಿ ಕನ್ನಡದಲ್ಲಿ ನೋಟ್ಸು ಬರೆದುಕೊಂಡರು. ಹಳೆಯ ಕ್ಯಾಲೆಂಡರುಗಳ ಹಿಂಬದಿಯಲ್ಲಿ ನಕ್ಷೆ ಬೆಳೆಯಿತು. ಟ್ಯಾಂಕು ತುಂಬಿದರೆ ಮೋಟರು ತಾನೇ ನಿಲ್ಲಬೇಕು. ಸಂಜೆಯಾದರೆ ಗೇಟಿನ ದೀಪ ತಾನೇ ಹತ್ತಬೇಕು. ಮಣ್ಣು ಒಣಗಿದರೆ ತುಳಸಿಗೆ ತಾನೇ ನೀರು ಹೋಗಬೇಕು. ಕುಕ್ಕರು ಎಷ್ಟು ಸಲ ಕೂಗಿತೆಂದು ಎಣಿಸಿ ಮೊಬೈಲಿಗೆ ತಿಳಿಸುವ ಯಂತ್ರವೂ ಅದರಲ್ಲಿತ್ತು. ಅಕ್ಕ ಬೇಳೆ ಬೆಂದದ್ದನ್ನು ಮೂಗಿನಿಂದಲೇ ಹೇಳುವವಳು. ಒಂದು ದಿನವೂ ತಳ ಹತ್ತಿಸಿದವಳಲ್ಲ. ಅದನ್ನೇ ನಾನು ಹೇಳಿದೆ.

"ಮೂಗಿಗೆ ರೆಕಾರ್ಡು ಇರಲ್ಲ ಮಾರಾಯ," ಎಂದರು ಭಾವ.

ಸಾಮಾನಿಗೆ ಶಿವಮೊಗ್ಗಕ್ಕೆ ಬರುತ್ತಿದ್ದರು. ನಾನಿರುವುದು ಅಲ್ಲೇ ಆದ್ದರಿಂದ ಜೊತೆಗೆ ಹೋಗುವ ಶಿಕ್ಷೆ ನನ್ನದು. ಪ್ಲಾನು ಇನ್ನೂ ಪಕ್ಕಾ ಆಗದ ಕಾರಣ ಒಂದು ಸಲಕ್ಕೆ ಒಂದೇ ಸ್ವಿಚ್ಚು ಕೊಳ್ಳುತ್ತಿದ್ದರು. ಮುಂದಿನ ವಾರ ಪ್ಲಾನು ಬದಲಾಗಿ ಅದನ್ನು ವಾಪಸು ಕೊಟ್ಟು ಬೇರೆಯದನ್ನು ಒಯ್ಯುತ್ತಿದ್ದರು. ಗಾಂಧಿ ಬಜಾರಿನ ಅಂಗಡಿಯವನು ಮೊದಮೊದಲು ಕಾಫಿ ತರಿಸುತ್ತಿದ್ದ. ನಾಲ್ಕನೆಯ ತಿಂಗಳು ಕುರ್ಚಿ ಮಾತ್ರ ತೋರಿಸಿದ. ಆರನೆಯ ತಿಂಗಳು ನಮ್ಮನ್ನು ಕಂಡ ಕೂಡಲೇ ಫೋನು ಕಿವಿಗಿಟ್ಟುಕೊಂಡು ಒಳಗೆ ಹೋಗತೊಡಗಿದ. ಆ ಫೋನು ರಿಂಗಾದದ್ದನ್ನು ನಾನಂತೂ ಕೇಳಿಲ್ಲ!

ಇನ್ನು ಭಾವನ ಕೆಲಸದ ರೀತಿ. ಕಾರ್ಖಾನೆಯಲ್ಲಿ ಯಾವುದೇ ಯಂತ್ರ ಬಿಚ್ಚುವ ಮೊದಲು ಪರ್ಮಿಟ್ಟಿಗೆ ಸಹಿ ಬೀಳಬೇಕು. ಸ್ವಿಚ್ಚಿಗೆ ಕೆಂಪು ಚೀಟಿ ತೂಗಬೇಕು. ಚೀಟಿ ತೂಗುಹಾಕಿದವನ ಹೊರತು ಬೇರೆ ಯಾರೂ ಅದನ್ನು ತೆಗೆಯುವಂತಿಲ್ಲ. ತೆಗೆದರೆ ಒಳಗೆ ಕೈಯಿಟ್ಟವನ ಪ್ರಾಣ ಹೋದೀತು. ಒಳ್ಳೆಯ ನಿಯಮವೇ. ಅದನ್ನು ಭಾವ ಅಡುಗೆಮನೆಗೂ ತಂದರು. ಅಕ್ಕ ಕೈಯ ಹಿಟ್ಟು ತೊಳೆದುಕೊಂಡು ಬಂದು ಪರ್ಮಿಟ್ಟಿಗೆ ಸಹಿ ಹಾಕುತ್ತಿದ್ದಳು.

ಒಮ್ಮೆ ಮಿಕ್ಸಿಯ ಸ್ವಿಚ್ಚಿಗೆ ಕೆಂಪು ಚೀಟಿ ಕಟ್ಟಿ, ಏನೋ ತಂತಿ ಬೇಕೆಂದು ಶಿವಮೊಗ್ಗಕ್ಕೆ ಬಂದವರು, ನಕ್ಷೆಯ ಚರ್ಚೆಯಲ್ಲಿ ಮೈಮರೆತು ನಮ್ಮ ಮನೆಯಲ್ಲೇ ಎರಡು ದಿನ ಉಳಿದರು. ಮೂರನೆಯ ದಿನ ನಾವು ಭದ್ರಾವತಿಗೆ ಹೋಗಿ ನೋಡುತ್ತೇವೆ, ಅಕ್ಕ ಹಿತ್ತಲಿನ ಒರಳುಕಲ್ಲು ತೊಳೆದು ಚಟ್ನಿ ರುಬ್ಬುತ್ತಿದ್ದಾಳೆ! ಬಿಚ್ಚಿದ್ದು ಏನೂ ಇರಲಿಲ್ಲ, ಚೀಟಿಯೊಂದೇ ತೂಗುತ್ತಿತ್ತು. ಕಿತ್ತು ಬಿಸಾಡಬಾರದಿತ್ತೇ ಎಂದು ಕೇಳಿದೆ.

"ಕಟ್ಟಿದೋರೇ ತೆಗೀಬೇಕು ಕಣೋ," ಎಂದಳು ಅಕ್ಕ. "ಮದುವೆಯಾದಾಗಿಂದ ಅನ್ನದ ಜೊತೆ ಇದನ್ನೇ ಕಲಸಿಕೊಂಡು ತಿಂದಿದೀನಿ."

ಆ ದಿನ ಭಾವ ಚೀಟಿ ಬಿಚ್ಚಿದರು. ಚಟ್ನಿಗೆ ಇಂಥಾ ರುಚಿ ಮಿಕ್ಸಿಯಲ್ಲಿ ಬರುವುದಿಲ್ಲ ಎಂದು ನಾಲ್ಕು ದೋಸೆ ಹೆಚ್ಚಿಗೆ ತಿಂದರು. ಇಂಥವರನ್ನು ಬೈಯುವುದಾದರೂ ಹೇಗೆ? ದೀಪದ ಮಾತೆತ್ತಿದರೆ, ಅದು ಪ್ಲಾನಿನ ಕೊನೆಯ ಹಂತದಲ್ಲಿದೆ ಎನ್ನುತ್ತಿದ್ದರು. ಸುಲಭದ ಕೆಲಸ ಕೊನೆಗಲ್ಲವೇ!

ಹೀಗೆ ಹನ್ನೊಂದನೆಯ ತಿಂಗಳು ಬಂತು. ಒಂದು ಮಧ್ಯಾಹ್ನ ನಾನೂ ಭಾವನೂ ಬಜಾರಿನಿಂದ ಭದ್ರಾವತಿಯ ಮನೆಗೆ ಬಂದೆವು. ಬಾಗಿಲ ಗ್ರಿಲ್ಲಿಗೆ ಒಂದು ಲಗ್ನಪತ್ರಿಕೆ ಸಿಕ್ಕಿಸಿತ್ತು. ಹಿಂದೆ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಅಕ್ಕನ ಪಕ್ಕದ ಮನೆಯಲ್ಲಿದ್ದ ತೆಲುಗು ಗೆಳತಿ, ಈಗ ಓಲ್ಡ್ ಟೌನಿನಲ್ಲಿರುವವರು, ಮಗಳ ಮದುವೆಗೆ ಕರೆಯಲು ಬಂದಿದ್ದರು. ಆ ಮಗು ಹುಟ್ಟಿದಾಗ ಬಾಣಂತನಕ್ಕೆ ನೀರು ಕಾಯಿಸಿದವಳು ನಮ್ಮ ಅಕ್ಕ. ಬೆಲ್ಲು ಒತ್ತಿ ಕಾದಿದ್ದಾರೆ. ಅಡುಗೆಮನೆಯ ಕಿಟಕಿಯಲ್ಲಿ ಅಕ್ಕ ಓಡಾಡುವುದು ಅಲ್ಲಿಂದ ಕಾಣುತ್ತದೆ. ಕೊನೆಗೆ ಪತ್ರಿಕೆ ಸಿಕ್ಕಿಸಿ ಹೋಗಿದ್ದಾರೆ. ಹಣೆಗೆ ಕುಂಕುಮವಿಟ್ಟು ಕೈಗೆ ಅಕ್ಷತೆ ಕೊಟ್ಟು ಕರೆಯಬೇಕಾದ ಮನೆಗೆ, ಗ್ರಿಲ್ಲಿನ ಕರೆ!

ಅಕ್ಕ ಪತ್ರಿಕೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು. "ನೋಡಿಯೂ ತೆಗೀಲಿಲ್ಲ ಅಂದ್ಕೊಂಡು ಹೋಗಿದಾಳೆ," ಎಂದಳು. ಅಷ್ಟೇ. ಒಳಗೆ ಹೋಗಿ ನಮಗೆ ಅನ್ನ ಬಡಿಸಿದಳು.

ಭಾವ ತಟ್ಟೆಯ ಮುಂದೆ ಕೂರಲಿಲ್ಲ. ಕ್ಯಾಲೆಂಡರಿನ ಕಟ್ಟನ್ನೆಲ್ಲ ಸುತ್ತಿ ಅಟ್ಟಕ್ಕೆ ಎಸೆದರು. ಪರ್ಮಿಟ್ಟಿಲ್ಲ, ಸಹಿಯಿಲ್ಲ, ಮೇನ್ ಸ್ವಿಚ್ಚು ಆರಿಸಿ, ಅದರ ಕಾವಲಿಗೆ ನನ್ನನ್ನು ನಿಲ್ಲಿಸಿ, ಬೆಲ್ಲಿನಿಂದ ಒಲೆಯ ಮೇಲಿನ ಗೋಡೆಯವರೆಗೆ ತಂತಿ ಎಳೆದರು. ಅರ್ಧ ಗಂಟೆಯೂ ಆಗಿರಲಿಲ್ಲ. ದೇವರ ಮನೆಯಲ್ಲಿ ಇಡುವಂಥ ಪುಟ್ಟ ಕೆಂಪು ಬಲ್ಬು. ಆಮೇಲೆ ಅಕ್ಕನಿಗೆ, ಸೀರೆ ಬದಲಾಯಿಸು ಎಂದು ಸನ್ನೆ ಮಾಡಿದರು.

ಮೂವರೂ ಓಲ್ಡ್ ಟೌನಿಗೆ ಹೋದೆವು. ಗೆಳತಿ ಬಿಗುವಾಗಿಯೇ ಬಾಗಿಲು ತೆಗೆದರು. ಭಾವ ಏನೋ ಹೇಳಲು ಬಾಯಿ ತೆರೆದರು. ಅಕ್ಕ ಅವರ ಕೈ ಹಿಡಿದು ತಡೆದು, ತಾನೇ ಹೇಳಿದಳು.

"ನನಗೆ ಕಿವಿ ಕೇಳಲ್ಲ ಕಣೇ."

ಗೆಳತಿ ಒಳಗೋಡಿ ಕುಂಕುಮದ ಬಟ್ಟಲು ತಂದರು. "ಮೊದಲೇ ಹೇಳೋದಲ್ವಾ ಅಕ್ಕಯ್ಯಾ. ನಾನು ದಾರಿಯಲ್ಲೆಲ್ಲಾ ನಿನ್ನನ್ನ ಬೈಕೊಂಡು ಬಂದೆ," ಎನ್ನುತ್ತಾ ಅಕ್ಕನ ಹಣೆಗಿಟ್ಟರು.

ಮೊನ್ನೆ ಭಾನುವಾರ ಭಾವನ ಜೊತೆ ತರಕಾರಿ ಹಿಡಿದು ಅವರ ಮನೆಗೆ ಬಂದೆ. ಬೀಗದ ಕೈ ಅವರ ಜೇಬಿನಲ್ಲೇ ಇತ್ತು. ಆದರೂ ಅವರು ತಮ್ಮದೇ ಮನೆಯ ಬೆಲ್ಲು ಒತ್ತಿ ನಿಂತರು. ಬೀಗದ ಕೈ ಇದೆಯಲ್ಲ ಭಾವ ಎಂದೆ.

"ಇಷ್ಟು ದಿನ ಸದ್ದಿಲ್ಲದೆ ಒಳಗೆ ಹೋಗಿ ಹಿಂದೆ ನಿಂತ್ಕೋತಿದ್ದೆ. ಪ್ರತಿ ಸಲ ಬೆಚ್ಚಿ ಬೀಳೋಳು, ಪಾಪ," ಎಂದರು. "ಕಾಯೋಣ. ಬರ್ತಾಳೆ."

ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲು ತೆಗೆದಳು. ನೆಂಟರು ಬಂದರೆಂದು ಮುಖ ಅರಳಿತ್ತು.

"ನೀವಾ?"

"ಹೂಂ, ನಾನೇ," ಎಂದರು ಭಾವ, ಅವಳಿಗೆ ಕಾಣುವಂತೆ ನಿಧಾನವಾಗಿ ತುಟಿ ಆಡಿಸುತ್ತಾ.