ಹಗೇವಿನಲ್ಲಿ ಮಾಗಿದ ಅತ್ತರು

ಹೊಸ ಅತ್ತರು ಮಾಡುವುದು ಬಹಳ ಸುಲಭದ ಕೆಲಸ. ಮಾಡುವ ಮುಂಚೆ ನನಗೂ ಹಾಗೇ ಅನ್ನಿಸಿತ್ತು.

ನಿಜಾಮಶಾಹಿ ಹೋಗಿ ಎರಡು ಮೂರು ವರ್ಷವಾಗಿತ್ತು. ನಾನು ಚಿತ್ತಾಪುರದ ತಹಸೀಲ ಕಚೇರಿಯಲ್ಲಿ ಗುಮಾಸ್ತ. ಜೀವನವಿಡೀ ಉರ್ದುವಿನಲ್ಲಿ ಬರೆದವನು ಆಗ ಕನ್ನಡದಲ್ಲಿ ಅರ್ಜಿ ಬರೆಯಲು ಕಲಿಯುತ್ತಿದ್ದೆ. ಅಂಥವನಿಗೆ ಅತ್ತರು ಯಾವ ಲೆಕ್ಕ!

ಆ ವರ್ಷ ನನ್ನ ಹೆಂಡತಿ ಗೌರಮ್ಮನ ತಂಗಿಯ ಲಗ್ನ ಗೊತ್ತಾಯಿತು. ಮಾವ ದಂಡೋತಿಯಲ್ಲಿ ಒಕ್ಕಲುತನ ಮಾಡುವವರು, ಬೀಗರು ಶಹಾಬಾದದವರು. ರೈಲಿನಲ್ಲಿ ಬರುವವರಿಗೆ ಅನುಕೂಲವಾಗಲೆಂದು ಲಗ್ನವನ್ನು ಚಿತ್ತಾಪುರದ ನಮ್ಮ ಮನೆಯ ಅಂಗಳದಲ್ಲೇ ಇಟ್ಟುಕೊಂಡರು. ಹಿರಿಯ ಅಳಿಯನಾದ ನನ್ನ ಪಾಲಿಗೆ ಬಂದದ್ದು ಒಂದೇ ಕೆಲಸ: ಬೀಗರು ಬಂದಾಗ ಗುಲಾಬಜಲ ಚಿಮುಕಿಸಿ, ಮುಂಗೈಗೆ ಅತ್ತರು ಹಚ್ಚುವುದು.

"ವಾಡಿಗಿ ಹೋಗಿ ಖಾದರ್ ಸಾಬರ ಕಡಿಂದ ಒಂದು ಶೀಷೆ ತಗೊಂಡು ಬರ್ರಿ, ಮುಗೀತು," ಎಂದಳು ಗೌರಮ್ಮ.

ಮುಗಿಸುವವನಲ್ಲ ನಾನು! ಸೇಡಂನಿಂದ ಶಹಾಬಾದದವರೆಗೆ ಯಾವ ಲಗ್ನಕ್ಕೆ ಹೋದರೂ ಅದೇ ಹೀನಾ ಅತ್ತರು, ಅದೇ ಗುಲಾಬಿ. ಕಣ್ಣು ಮುಚ್ಚಿಕೊಂಡು ಮೂಸಿದರೆ ಯಾರ ಲಗ್ನವೆಂದೇ ತಿಳಿಯುವುದಿಲ್ಲ. ಕಣ್ಣು ಮುಚ್ಚಿದರೂ ಇದು ಇಂಥವರದೇ ಎಂದು ಗೊತ್ತಾಗುವ ಅತ್ತರು ಮಾಡಬೇಕೆಂದು ನಿಶ್ಚಯಿಸಿದೆ.

ಖಾದರ್ ಸಾಬರು ವಾಡಿ ಸ್ಟೇಶನ್ನಿನ ಹೊರಗೆ ಪೆಟ್ಟಿಗೆ ಇಟ್ಟುಕೊಂಡು ಕೂರುವ ಹಳೆಯ ಅತ್ತರು ವ್ಯಾಪಾರಿ. ಹೊಸ ಅತ್ತರಿಗೆ ಏನಿರಬೇಕೆಂದು ಕೇಳಿದೆ.

"ನೋಡ್ರಿ ಗುಮಾಸ್ತರ," ಎಂದರು ಅವರು, "ವಾಸನಿ ಹೊಸಾದಿರಬೇಕು. ಆದ್ರ ಎಲ್ಲೋ ಮೂಸಿದಂಗ ದಿಲ್‌ಗಿ ಅನ್ನಿಸಬೇಕು. ಹಚ್ಕೊಂಡಾವ ಎದ್ದು ಹೋದ ಮ್ಯಾಲನೂ ಮಂದಿ ಅವನ್ನ ನೆನೀಬೇಕು. ಇದು ಕಲೀಲಕ ನಲವತ್ತು ವರ್ಷ ಬೇಕ್ರಿ. ಮಾಡಿದ ಮ್ಯಾಲ ಗಾಜಿನ ಶೀಷೆದಾಗ ಹಾಕಿ ನಲವತ್ತು ದಿನ ಕತ್ತಲದಾಗ ಇಡಬೇಕು."

ನಲವತ್ತು ವರ್ಷವನ್ನು ಅಲ್ಲೇ ಬಿಟ್ಟು, ನಲವತ್ತು ದಿನವನ್ನಷ್ಟೇ ತೆಗೆದುಕೊಂಡು ಊರಿಗೆ ಬಂದೆ.

ಸದರಿ ಅತ್ತರಿಗೆ ಬಿದ್ದ ಸಾಮಾನು ಇಂತಿದೆ: ಬೇವಿನ ಹೂವು, ಮರುಗ, ಲಾವಂಚದ ಬೇರು, ಮೊದಲ ಮಳೆಯ ವಾಸನೆ ಬರಲೆಂದು ಸುಟ್ಟ ಮಣ್ಣಿನ ಹೆಂಟೆ. ಗಂಧದೆಣ್ಣೆ ಬೇಕಿತ್ತು, ಸಿಗಲಿಲ್ಲ. ಮನೆಯಲ್ಲಿದ್ದ ಕುಸುಬಿ ಎಣ್ಣೆ ಸುರಿದೆ. ಸಣ್ಣ ಉರಿಯಲ್ಲಿ ಕಾಯಿಸಿ ಸೋಸಿದಾಗ ಎರಡು ಸೇರು ಅತ್ತರು ಆಯಿತು. ಅದನ್ನು ಗಾಜಿಗೆ ಹಾಕದೆ ಹೊಸ ಮಣ್ಣಿನ ಕುಡಿಕೆಗೆ ಹಾಕಿದೆ. ಮಣ್ಣಿನ ವಾಸನೆಗೆ ಮಣ್ಣೇ ಮೇಲಲ್ಲವೇ? ಖಾದರ್ ಸಾಬರಿಗೆ ಇಷ್ಟು ಹೊಳೆದಿರಲಿಲ್ಲ, ಪಾಪ!

ಇನ್ನು ಕತ್ತಲು. ನಮ್ಮ ಅಂಗಳದಲ್ಲಿ ಹಗೇವಿತ್ತು, ಅಂದರೆ ಜೋಳ ಕೂಡಿಡುವ ನೆಲದೊಳಗಿನ ಕಣಜ. ಅದೇ ವಾರ ಮಾವ ಲಗ್ನದ ಅಡುಗೆಯ ಜೋಳವನ್ನು ಗಾಡಿಯಲ್ಲಿ ಹೇರಿಕೊಂಡು ಬಂದು ಅದರಲ್ಲಿ ತುಂಬಿಸಿದರು. ಕಾಗಿಣಾ ನದಿಯ ದಂಡೆಯ ಅವರ ಹಗೇವಿಗೆ ನೀರಿನ ಪಸೆ ಬರುತ್ತಿತ್ತು. ಅವರು ಚಹಾ ಕುಡಿಯಲು ಒಳಗೆ ಹೋದಾಗ ನಾನು ಕುಡಿಕೆಯನ್ನು ಜೋಳದ ನಡುವೆ ಹುಗಿದೆ.

"ಏನು ಹುಗೀಲಾಕತ್ತೀರಿ?" ಎಂದಳು ಗೌರಮ್ಮ ಬಾಗಿಲಿನಿಂದ.

"ಏನಿಲ್ಲ. ಜ್ವಾಳ ಸರಿ ಮಾಡ್ಲಾಕತ್ತೀನಿ."

ಮಾವ ಬಂದು ಹಗೇವಿನ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರು. ಮುಂದಿನ ನಲವತ್ತೈದು ದಿನ ನಾನು ಕಚೇರಿಯಲ್ಲಿ ಎಲ್ಲರಿಗೂ, "ನೋಡ್ತಿರ್ರಿ, ಇಂಥಾ ಅತ್ತರ್ ಹೈದರಾಬಾದದಾಗೂ ಇಲ್ಲ," ಎಂದು ಹೇಳುತ್ತ ಓಡಾಡಿದೆ.

ಲಗ್ನಕ್ಕೆ ಎರಡು ದಿನ ಇರುವಾಗ ಹಗೇವು ತೆರೆದರು. ಒಳಗಿನ ಕೆಟ್ಟ ಗಾಳಿ ಹೋಗಲಿ ಎಂದು ಸ್ವಲ್ಪ ಹೊತ್ತು ಹಾಗೇ ಬಿಡುವುದು ಪದ್ಧತಿ. ಗಾಳಿ ಹೊರಗೆ ಬಂತು. ಪಕ್ಕದ ಮನೆಯ ಶರಣಮ್ಮ ಗೋಡೆಯ ಮೇಲಿಂದ ಇಣುಕಿ, "ಯಾರ ಮೆರವಣಿಗಿ ಬಂತವ್ವಾ?" ಎಂದು ಕೇಳಿದಳು.

ಕುಡಿಕೆ ಸಿಕ್ಕಿತು. ಬಾಯಿ ಭದ್ರವಾಗಿತ್ತು. ತಳ ಭದ್ರವಾಗಿತ್ತು. ಅತ್ತರು ಮಾತ್ರ ಇರಲಿಲ್ಲ! ಹೊಸ ಮಡಕೆ ನೀರು ಬೆವರುವಂತೆ ಕುಡಿಕೆ ಬೆವರಿ, ಎರಡು ಸೇರನ್ನೂ ಜೋಳಕ್ಕೆ ಕುಡಿಸಿತ್ತು.

ಮಾವ ಒಂದು ಹಿಡಿ ಜೋಳ ಮೂಗಿಗೆ ಹಿಡಿದು, "ಅಳ್ಯಾರ, ನನ್ನ ಜ್ವಾಳಕ್ಕ ಏನು ಮಾಡೀರಿ?" ಎಂದರು.

"ಬಿಸಲಿಗಿ ಹಾಕಿದ್ರ ಹೋಗ್ತದ್ರಿ ಮಾಮಾ."

ಬಿಸಿಲಿಗೆ ಹರವಿ, ಗಳಿಗೆಗೊಮ್ಮೆ ಮೂಸುತ್ತ ಕುಳಿತೆವು. ಸಂಜೆಗೆ ವಾಸನೆ ಹೋಗಿತ್ತು. ನಿಜ ಹೇಳಬೇಕೆಂದರೆ ಹೋಗಿದ್ದು ನಮ್ಮ ಮೂಗು. ಖುಷಿಯಿಂದ ಗಿರಣಿಗೆ ಕಳಿಸಿದೆವು.

ಮರುದಿನ ಓಣಿಯ ಹೆಂಗಸರೆಲ್ಲ ಕೂಡಿ ಲಗ್ನದ ಖಟಿ ರೊಟ್ಟಿ, ಅಂದರೆ ಒಣಗಿಸಿಡುವ ಜೋಳದ ರೊಟ್ಟಿ, ಬಡಿಯಲು ಕುಳಿತರು. ಮೊದಲ ರೊಟ್ಟಿ ಹಂಚಿನ ಮೇಲೆ ಬಿತ್ತು. ಕಾವು ಹತ್ತಿದ್ದೇ ತಡ, ಬೇವು, ಮರುಗ, ಲಾವಂಚ, ಮೊದಲ ಮಳೆ ಎಲ್ಲವೂ ಒಮ್ಮೆಲೇ ಎದ್ದವು! ಒಬ್ಬಾಕೆ ಕೆಮ್ಮಿದಳು. ಶರಣಮ್ಮ ಒಂದು ಚೂರು ಬಾಯಿಗೆ ಹಾಕಿಕೊಂಡು, "ಇದು ತಿನ್ನಾದಾ, ಅತ್ತರ್ ಹತ್ತಿಯಂಗ ಕಿವ್ಯಾಗ ಇಟ್ಕೊಳ್ಳಾದಾ?" ಎಂದು ಕೇಳಿದಳು. ಅಷ್ಟರಲ್ಲಿ ಗಿರಣಿಯವನು ಓಡಿಬಂದ. ನಮ್ಮ ಜೋಳದ ಹಿಂದೆ ಬೀಸಿದ ಶಾಲೆಯ ಮಾಸ್ತರರ ಮನೆಯ ಗೋಧಿಯೂ ಘಮಘಮ ಅನ್ನುತ್ತಿತ್ತಂತೆ. ಮಾಸ್ತರರು ಗಿರಣಿ ಮುಂದೆ ಕೋಲು ಹಿಡಿದು ನಿಂತಿದ್ದರಂತೆ.

ಮಾವ ಕಟ್ಟೆಯ ಮೇಲೆ ಕುಸಿದು ಕುಳಿತರು. "ನಾಳಿ ಬೀಗರ ಎಲಿಮ್ಯಾಲ ರೊಟ್ಟಿ ಇಲ್ಲಂದ್ರ ನನ್ನ ಮಗಳು ಜಲ್ಮಪೂರ್ತಿ ಮಾತು ಕೇಳಬೇಕಾಗ್ತದ," ಎಂದರು. ಅವರ ಕಣ್ಣಲ್ಲಿ ನೀರಿತ್ತು. ಅದುವರೆಗೆ ನನ್ನ ಅತ್ತರಿನ ಚಿಂತೆ ನನಗಿತ್ತು. ಆ ಗಳಿಗೆಯಲ್ಲಿ ನಾಚಿಕೆಯಿಂದ ನನ್ನ ತಲೆ ಮೇಲೇಳಲಿಲ್ಲ.

ಶರಣಮ್ಮ ಎದ್ದು ಹೋದಳು. ಮರಳಿ ಬಂದಾಗ ಅವಳ ತಲೆಯ ಮೇಲೆ ಅರಿವೆಯಲ್ಲಿ ಕಟ್ಟಿದ ಖಟಿ ರೊಟ್ಟಿಯ ದೊಡ್ಡ ಗಂಟಿತ್ತು. ನಮ್ಮ ಕಡೆ ಯಾವ ಮನೆಯಲ್ಲಾದರೂ ಹದಿನೈದು ದಿನದ ರೊಟ್ಟಿ ಒಟ್ಟಿರುತ್ತದೆ. "ಏಳ್ರಿ ಯಜಮಾನ್ರ, ಓಣ್ಯಾಗ ರೊಟ್ಟಿಗೇನು ಬರ ಬಂದಿಲ್ಲ," ಎಂದಳು. ಸಂಜೆಯೊಳಗೆ ಮನೆಮನೆಯಿಂದ ಗಂಟು ಬಂದು ಬುಟ್ಟಿಗಳು ತುಂಬಿದವು. ಒಂದು ಮನೆಯ ರೊಟ್ಟಿ ದೊಡ್ಡದು, ಇನ್ನೊಂದು ಮನೆಯದು ಎಳ್ಳು ಹಚ್ಚಿದ್ದು. ಮಾವ ಪ್ರತಿಯೊಬ್ಬರಿಗೂ ಎದ್ದು ನಿಂತು ಕೈಮುಗಿದರು.

ಬೀಗರು ಬಂದರು. ಗುಲಾಬಜಲ ಚಿಮುಕಿಸಿದೆ. "ಅತ್ತರ್ ಎಲ್ಲದರಿ?" ಎಂದು ವರನ ಸೋದರಮಾವ ಮುಂಗೈ ಚಾಚಿದರು. ಅವರದು ಶಹಾಬಾದದಲ್ಲಿ ಕಲ್ಲಿನ ಖಣಿ. ನನ್ನ ಹತ್ತಿರ ಇದ್ದದ್ದು ಕುಡಿಕೆ ಒಡೆದು ಇಟ್ಟುಕೊಂಡ ಒಂದು ಬೋಕಿ ಚೂರು ಮಾತ್ರ. ವಾಸನೆಯೇನೋ ಅದರಲ್ಲಿತ್ತು. ಧೈರ್ಯ ಮಾಡಿ ಅದನ್ನೇ ಅವರ ಮುಂಗೈಗೆ ತಿಕ್ಕಿದೆ. ಚರ್ಮ ಕೆಂಪಾಯಿತು!

"ಯಪ್ಪಾ!" ಎಂದು ಕೈ ಎಳೆದುಕೊಂಡರು. "ನಮ್ಮಲ್ಲಿ ಕಲ್ಲಿಗಿ ಹಿಂಗ ಪಾಲಿಶ್ ಮಾಡ್ತಾರ್ರಿ, ಮನಷ್ಯಾರಿಗಿ ಅಲ್ಲ!"

ಚಪ್ಪರವೆಲ್ಲ ನಕ್ಕಿತು. ಮಾವನೂ ನಕ್ಕರು. ಬೀಗರು ಓಣಿಯ ರೊಟ್ಟಿಯನ್ನು ಹೊಟ್ಟೆ ತುಂಬ ಉಂಡು, ಹೆಣ್ಣನ್ನು ಕರೆದುಕೊಂಡು ಹೋದರು.

ಓಣಿಯ ರೊಟ್ಟಿ ತೀರಿಸಬೇಕಲ್ಲ? ಗೌರಮ್ಮ ನಮ್ಮ ಹಗೇವಿನ ಜೋಳದ ಹಿಟ್ಟು ಒಯ್ದಳು. "ಬ್ಯಾಡವ್ವಾ," ಎಂದಳು ಶರಣಮ್ಮ, "ನಮ್ಮನಿಯವ್ರು ಹೊಲಕ್ಕ ಹೋಗಾವ್ರು, ಮದಿಮಗ ಅಲ್ಲ." ಹೀಗಾಗಿ ಆಮೇಲೆ ನಮ್ಮ ಮನೆಗೆ ಬಂದ ಒಳ್ಳೆಯ ಜೋಳವೆಲ್ಲ ಓಣಿಗೆ ಹೋಯಿತು. ಹಗೇವಿನದು ನಮಗೇ ಉಳಿಯಿತು. ವರ್ಷವಿಡೀ ಮುಂಜಾನೆ, ಸಂಜೆ ಅತ್ತರಿನ ರೊಟ್ಟಿ! "ನೀವೇ ಮಾಡಿದ್ದು, ನೀವೇ ಉಣ್ಣರಿ," ಎಂದು ಬಡಿಸುವಾಗಲೆಲ್ಲ ಗೌರಮ್ಮ ಹೇಳುತ್ತಿದ್ದಳು.

ಆ ವರ್ಷದ ಕೊನೆಗೆ ಕಚೇರಿ ಕೆಲಸದ ಮೇಲೆ ರೈಲಿನಲ್ಲಿ ಶಹಾಬಾದಕ್ಕೆ ಹೊರಟಿದ್ದೆ. ಎದುರಿನ ಹಲಗೆಯ ಮೇಲೆ ಗುರುತಿಲ್ಲದ ಮುದುಕರೊಬ್ಬರು ಮುಖದ ಮೇಲೆ ಶಲ್ಯ ಹೊದ್ದು ಮಲಗಿದ್ದರು. ಹಸಿವಾಗಿ ಬುತ್ತಿ ಬಿಚ್ಚಿದೆ. ಶಲ್ಯದ ಒಳಗೆ ಮೂಗು ಎರಡು ಸಲ ಅಲುಗಾಡಿತು. ಕಣ್ಣು ತೆರೆಯದೆ, ಶಲ್ಯ ತೆಗೆಯದೆ ಮುದುಕರು ಹೇಳಿದರು:

"ಚಿತ್ತಾಪುರದ ಗುಮಾಸ್ತರೇನ್ರಿ? ನನಗ ಬ್ಯಾಡ್ರಿ, ಊಟ ಆಗ್ಯದ."