ಮಾವನವರು ಕಡಲಹಕ್ಕಿ ನೋಡಿದ್ದು

ಮನುಷ್ಯನಿಗೆ ಒಂದಾದರೂ ಭಯ ಇರಬೇಕು ಅನ್ನುತ್ತಾರೆ ದೊಡ್ಡವರು. ಆ ಲೆಕ್ಕದಲ್ಲಿ ನಾನು ಹತ್ತು ಜನರ ಸಮ. ಹಾವಿಗೆ ಹೆದರುತ್ತೇನೆ, ಅಮಲ್ದಾರರ ಜವಾನನಿಗೆ ಹೆದರುತ್ತೇನೆ, ಕೆಮ್ಮು ಬಂದರೆ ಕ್ಷಯವೆಂದು ಹೆದರುತ್ತೇನೆ. ನೀರಿನ ಭಯ ಮಾತ್ರ ಇರಲಿಲ್ಲ. ನಾನು ಹುಟ್ಟಿದ ನನ್ನಿವಾಳದಲ್ಲಿ ಹೆದರುವಷ್ಟು ನೀರೇ ಇರಲಿಲ್ಲ. ಮೊಣಕಾಲು ಮುಳುಗಿದರೆ ಅದನ್ನು ಕೆರೆಯೆಂದು ಕರೆದು ಪೂಜೆ ಮಾಡುವ ಜನ ನಾವು. ಈ ಕೊರತೆಯನ್ನು ತುಂಬಿಕೊಟ್ಟವರು ನನ್ನ ಮಾವ, ಮೊಳಕಾಲ್ಮೂರಿನ ನೇಕಾರ ನರಸಪ್ಪನವರು.

ಚಳ್ಳಕೆರೆ ಪೇಟೆಯಲ್ಲಿ ನನ್ನದೊಂದು ಬಟ್ಟೆ ಅಂಗಡಿ. ಮಾವ ನೇಯ್ದ ರೇಷ್ಮೆ ಸೀರೆಗಳನ್ನು ಅಲ್ಲಿ ಮಾರುತ್ತಿದ್ದೆ. ಒಮ್ಮೆ ಹೊನ್ನಾವರದ ಸಾಹುಕಾರರೊಬ್ಬರು ಬಂದು, ಮಗಳ ಮದುವೆಗೆ ಸೀರೆ ಬೇಕು, ಅಂಚಿನಲ್ಲಿ ನವಿಲು ಹಂಸ ಬೇಡ, ಚಳಿಗಾಲಕ್ಕೆ ನಮ್ಮ ಕಡಲಿಗೆ ಬರುವ ಬಿಳಿ ಹಕ್ಕಿಗಳೇ ಬೇಕು ಅಂದರು. ನಾನು ಧಾರಾಳವಾಗಿ ಒಪ್ಪಿದೆ. ಮಾವ ಒಪ್ಪಲಿಲ್ಲ.

“ನೋಡದ ಹಕ್ಕೀನ ಹೆಂಗೆ ನೇಯಾದು?”

“ಹಂಸ ನೋಡೀರಾ ಮಾವ? ಹುಟ್ಟಿದಾಗಿಂದ ಅದನ್ನೇ ನೇಯ್ತಿದೀರಲ್ಲ.”

“ಹಂಸಾನ ಯಾರೂ ನೋಡಿಲ್ಲ, ಅದಕ್ಕೇ ಯಾರೂ ತಪ್ಪು ಹಿಡಿಯಲ್ಲ. ಇದು ಅವರ ಮನೆ ಮುಂದಿನ ಹಕ್ಕಿ ಅಲ್ಲುಡೂ!” ಅಳಿಯನಾದ ನನ್ನನ್ನು ಅವರು ಕರೆಯುವುದು ಹಾಗೆ, ತೆಲುಗಿನಲ್ಲಿ. ಅವರು ತೆಲುಗಿಗೆ ಇಳಿದರೆ ವಾದ ಮುಗಿಯಿತು ಎಂದೇ ಅರ್ಥ. ಕಡಲಿಗೇ ಹೋಗಿ ನೋಡಿ ಬರುತ್ತೇನೆಂದು ಹೊರಟು ನಿಂತರು.

ನನ್ನ ಹೆಂಡತಿ ರಾಮಕ್ಕ ಒಳಗಿಂದ ಬಂದು, “ಅಪ್ಪನ್ನ ಒಬ್ಬರನ್ನೇ ಕಳಿಸಬ್ಯಾಡ್ರಿ. ಕಣ್ಣು ಹಕ್ಕಿ ಮ್ಯಾಲೆ ಹೋದರೆ ಕಾಲು ಎಲ್ಲೈತೆ ಅಂಬೋದು ಅವರಿಗೆ ಗೊತ್ತಾಗಲ್ಲ,” ಅಂದಳು. ಮೋಟಾರಿನ ಹೆಸರನ್ನೂ ಕೇಳದ ಕಾಲ ಅದು. ಗಾಡಿಯಲ್ಲಿ ಕುಲುಕಿ, ಘಟ್ಟ ಇಳಿದು, ಸೊಂಟ ಎಲ್ಲಿದೆಯೆಂದು ತಡವಿಕೊಳ್ಳುತ್ತ ಹೊನ್ನಾವರ ಮುಟ್ಟಿದೆವು. ಸಾಹುಕಾರರು ಗಣಪ ಎಂಬ ಅಂಬಿಗನ ದೋಣಿ ಗೊತ್ತು ಮಾಡಿಸಿದ್ದರು.

ಹೊಳೆ ಕಡಲು ಸೇರುವ ಕಡೆ ಸಣ್ಣಸಣ್ಣ ದ್ವೀಪಗಳು. ಅವುಗಳ ನಡುವೆ ದೋಣಿ ತೂಗಾಡುತ್ತ ಹೊರಟಿತು. ನಮ್ಮ ಕಡೆ ಉಳ್ಳಾರ್ತಿ ಕಾವಲಿನ ಹುಲ್ಲುಬಯಲಲ್ಲೂ ಹಕ್ಕಿಗಳಿವೆ. ಮರ್ಯಾದಸ್ಥರ ಹಾಗೆ ನೆಲದ ಮೇಲೆ ಓಡಾಡಿಕೊಂಡಿರುತ್ತವೆ. ಇವಕ್ಕೆ ನೀರೇ ಯಾಕೆ ಬೇಕಿತ್ತೋ. ಎರಡೂ ಕೈಯಲ್ಲಿ ದೋಣಿಯ ಅಂಚು ಹಿಡಿದು ಕಣ್ಣು ಮುಚ್ಚಿಕೊಂಡೆ. ದಾರಿಯುದ್ದಕ್ಕೂ ನಾನು ಹಕ್ಕಿ ನೋಡಿದ್ದೆಲ್ಲ ಕಿವಿಯಿಂದಲೇ. “ನೀವು ಹಿಡ್ಕಂಡ್ರೆ ದೋಣಿ ನಿಲ್ಲೂದಿಲ್ರಾ ಒಡೆಯಾ,” ಎಂದು ಗಣಪ ನಕ್ಕ.

ದೋಣಿ ನಿಂತಾಗ ಕಣ್ಣು ಬಿಟ್ಟರೆ, ಒಂದು ಮರಳುದಿಬ್ಬದ ಮೇಲೆ ಬಿಳಿ ಹಕ್ಕಿಗಳ ಸಂತೆಯೇ ಸೇರಿತ್ತು. ನಾನು ಬೇಡ ಅನ್ನುವಷ್ಟರಲ್ಲಿ ಮಾವ ಇಳಿದೇಬಿಟ್ಟರು. ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತರು. “ಬೇಗ ಬರ್ರಾ, ಭರತ ಏರ್ತದೆ!” ಎಂದು ಗಣಪ ಕೂಗಿದ. ಭರತವೆಂದರೆ ಕಡಲು ಉಕ್ಕಿ ಮೇಲೆ ಬರುವುದಂತೆ. ಮಾವನಿಗೆ ಕೇಳಿಸಲಿಲ್ಲ. ನೋಡುನೋಡುತ್ತಿದ್ದಂತೆ ಕಂಬಳಿಯಷ್ಟಿದ್ದ ದಿಬ್ಬ ಟವಲಿನಷ್ಟಾಯಿತು. ದೋಣಿಯನ್ನು ಸೆಳೆತ ಎಳೆಯುತ್ತಿತ್ತು. ಗಣಪ ಹುಟ್ಟು ಬಿಟ್ಟರೆ ಮೂವರೂ ಹೋದಂತೆಯೇ. ಉಳಿದವನು ನಾನು.

ಮನೆದೇವರನ್ನು ನೆನೆದು ಇಳಿದೆ. ನಾಲ್ಕು ಹೆಜ್ಜೆಗೆ ಒಂದು ಕಾಲು ತೊಡೆತನಕ ಕೆಸರಿಗೆ ಹೋಯಿತು. ನಾನು ಕಿರುಚಿದ ಕಿರುಚಾಟಕ್ಕೆ ದಿಬ್ಬದ ಹಕ್ಕಿಗಳೆಲ್ಲ ಒಮ್ಮೆಲೇ ಎದ್ದವು. ಆಕಾಶ ಬೆಳ್ಳಗಾಯಿತು. ಮಾವ ಬಾಯಿ ತೆರೆದು ಮೇಲೆ ನೋಡುತ್ತ, “ರೆಕ್ಕೆ ಅಡಿಗೆ ಬೂದಿ ಬಣ್ಣ ಐತೆ! ಅಲ್ಲುಡೂ, ಇನ್ನೊಂದ್ಸಲ ಕೂಗು!” ಅಂದರು.

ಇನ್ನೊಂದು ಸಲ ಕೂಗಿದೆ. ಅವರಿಗಾಗಿ ಅಲ್ಲ.

ಆಗ ತಿರುಗಿ ನೋಡಿದರು. ನೀರು ನನ್ನ ಎದೆಗೆ ಬಂದಿತ್ತು. ಮುದುಕರು ಆ ಓಟ ಎಲ್ಲಿಟ್ಟಿದ್ದರೋ! ನೀರು ಸೀಳಿಕೊಂಡು ಬಂದು, ತಲೆಯ ರುಮಾಲು ಬಿಚ್ಚಿ ನನ್ನ ಕಂಕುಳಿಗೆ ಸುತ್ತಿ, ಅದರ ತುದಿಯನ್ನು ಗಣಪನತ್ತ ಎಸೆದರು. ಅವನು ಅದನ್ನು ದೋಣಿಗೆ ಬಿಗಿದು ಹುಟ್ಟು ಹಾಕಿದ. ಇವರು ಹಿಂದಿನಿಂದ ನೂಕಿದರು. ಬಾಟಲಿಯ ಬಿರಡೆ ಕಿತ್ತ ಸದ್ದಿನೊಂದಿಗೆ ನನ್ನ ಕಾಲು ಬಂತು, ಚಪ್ಪಲಿ ಬರಲಿಲ್ಲ. ದಡ ಸೇರುವ ತನಕ ಮಾವ ನನ್ನ ಮಣಿಕಟ್ಟು ಹಿಡಿದೇ ಕೂತಿದ್ದರು. ತಲೆಯ ಮೇಲೇ ಹಕ್ಕಿಗಳು ಹಾರಿದರೂ ಕತ್ತೆತ್ತಲಿಲ್ಲ.

ಸೀರೆ ಮಗ್ಗದಿಂದ ಇಳಿದು ಅಂಗಡಿಗೆ ಬಂತು. ಅಂಚಿನುದ್ದಕ್ಕೂ ಹಾರುವ ಹಕ್ಕಿಗಳು, ರೆಕ್ಕೆಯಡಿ ಬೂದಿ ಬಣ್ಣ. ಸೆರಗಿನ ನಡುವೆ ಮಾತ್ರ ಒಂದು ಬೇರೆ ಹಕ್ಕಿ: ಒಂಟಿಕಾಲು, ನೀಡಿದ ಕತ್ತು, ತೆರೆದ ಕೊಕ್ಕು, ಅಡ್ಡಾದಿಡ್ಡಿ ರೆಕ್ಕೆ.

“ಇದ್ಯಾವ ಹಕ್ಕಿ ಅಪ್ಪಾ?” ಅಂದಳು ರಾಮಕ್ಕ.

“ಬಯಲುಸೀಮೇದು ಕಣವ್ವ,” ಅಂದರು ಮಾವ ಗಂಭೀರವಾಗಿ. “ಚಳಿಗಾಲಕ್ಕೆ ಒಂದೇ ಸಲ ಅಲ್ಲಿಗೆ ಬಂದಿತ್ತು.”

ಮದುಮಗಳಿಗೆ ಅದೇ ಬಹಳ ಹಿಡಿಸಿತಂತೆ. ಈಗ ಕರಾವಳಿಯಿಂದ ಬರುವ ಗಿರಾಕಿಗಳೆಲ್ಲ ಆ ಒಂಟಿಕಾಲಿನ ಹಕ್ಕಿಯ ಸೀರೆಯನ್ನೇ ಕೇಳುತ್ತಾರೆ. ನಾನೇ ಬಿಚ್ಚಿ ತೋರಿಸಬೇಕು. ಅದರ ಹೆಸರೇನೆಂದು ಕೇಳಿದರೆ ಸೆರಗು ಮಡಚಿಟ್ಟು, ಬಣ್ಣ ಹೋಗುವುದಿಲ್ಲ ಎಂದಷ್ಟೇ ಹೇಳುತ್ತೇನೆ.