ಎಡಕ್ಕೆ ತಿರುಗಿ ಸಿಕ್ಕಿದ ಸಂಬಂಧ

ಪ್ರಾಯವಾದ ಗಂಡಸಿನ ನೆನಪಿಗೆ ಊರೆಲ್ಲ ಮರ್ಯಾದೆ ಕೊಟ್ಟೀತು, ಅವನ ಹೆಂಡತಿ ಮಾತ್ರ ಕೊಡಳು. ನಾನು ಕಾಸರಗೋಡಿನ ಕೋರ್ಟಿನಲ್ಲಿ ಅಮೀನನಾಗಿದ್ದವನು. ಸಮನ್ಸು ಹಿಡಿದುಕೊಂಡು ತಾಲೂಕಿನ ಗುಡ್ಡ ಬಯಲುಗಳನ್ನೆಲ್ಲ ಕಾಲಿನಲ್ಲೇ ಅಳೆದವನು. ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವುದು ಬೊಗಳಿ ಸುಮ್ಮನಾಗುತ್ತದೆ, ಯಾವ ಯಜಮಾನ ನನ್ನನ್ನು ಕಂಡ ಕೂಡಲೇ ಹಿತ್ತಿಲಿಗೆ ಓಡುತ್ತಾನೆ, ಎಲ್ಲವೂ ನನಗೆ ಕರತಲಾಮಲಕ. ಪೆನ್ಶನಾದ ಮೇಲಂತೂ ಈ ಜ್ಞಾನ ಇನ್ನಷ್ಟು ವೃದ್ಧಿಯಾಯಿತು. (ಹೋಗದ ಮನೆಗಳೂ ನೆನಪಾಗತೊಡಗಿದವು ಎಂಬುದು ನನ್ನ ಹೆಂಡತಿ ಸತ್ಯವತಿಯ ಭಾಷ್ಯ.)

ಐವತ್ತಮೂರನೆಯ ಇಸವಿಯಲ್ಲಿ (ಐವತ್ತನಾಲ್ಕು ಎನ್ನುತ್ತಾಳೆ ಅವಳು, ಅವಳ ಮಾತು ಬಿಡಿ) ನಮ್ಮ ಮಗಳು ಮನೋರಮಾಳಿಗೆ ಅಗಲ್ಪಾಡಿ ಕಡೆಯಿಂದ ಒಂದು ಸಂಬಂಧ ಬಂತು. ತಂದವನು ಸತ್ಯವತಿಯ ಅಣ್ಣ ಜನಾರ್ದನ. ಹುಡುಗ ಶಾಲೆ ಮೇಷ್ಟ್ರು. ಮೊದಲು ಮನೆ ನೋಡಿ ಬರುವುದೆಂದು ತೀರ್ಮಾನವಾಯಿತು. ಹೊರಡುವ ದಿನ ಬೆಳಿಗ್ಗೆ ಜನಾರ್ದನನಿಗೆ ಜ್ವರ ಬಂದು ಬಿಟ್ಟಿತು. ಅವನು ಕಂಬಳಿಯೊಳಗಿನಿಂದಲೇ ದಾರಿ ಹೇಳಿದ. ನಾನು ಅರ್ಧಕ್ಕೇ ತಡೆದೆ.

"ನನಗೆ ದಾರಿ ಹೇಳಬೇಡ ಮಾರಾಯ. ಆ ಮನೆಗೆ ನಾನು ನಿನಗೆ ಮೀಸೆ ಬರುವ ಮೊದಲೇ ಹೋಗಿದ್ದೇನೆ. ಅಂಗಳದಲ್ಲಿ ಒಂದು ದಾರೆಹುಳಿ ಮರ ಉಂಟು."

ಬದಿಯಡ್ಕದಲ್ಲಿ ಬಸ್ಸಿಳಿದು ನಡೆದೆವು. ಭಜನಾಮಂದಿರದ ಹತ್ತಿರ ದಾರಿ ಎರಡಾಯಿತು. ನಾನು ಎಡಕ್ಕೆ ತಿರುಗಿದೆ. ಸತ್ಯವತಿ ನಿಂತಳು.

"ಅಣ್ಣ ಬಲಕ್ಕೆ ಎಂದದ್ದು."

"ಅವನಿಗೆ ಜ್ವರ."

"ಜ್ವರ ಬಂದರೆ ಬಲ ಎಡ ಆಗುತ್ತದೋ? ಯಾರಲ್ಲಾದರೂ ಕೇಳುವ."

ತಾಲೂಕಿಗೇ ದಾರಿ ತೋರಿಸುತ್ತಿದ್ದವನು ದಾರಿ ಕೇಳುವುದೇ? ನಾನು ನಡೆದೇ ನಡೆದೆ. ಗುಡ್ಡ ಇಳಿದ ಕೂಡಲೇ ಒಂದು ಹಂಚಿನ ಮನೆ ಕಾಣಿಸಿತು, ಅಂಗಳದಲ್ಲಿ ದಾರೆಹುಳಿ ಮರ. ನಾನು ಹೆಂಡತಿಯ ಕಡೆಗೆ ದಿಗ್ವಿಜಯದ ನೋಟ ಬೀರಿದೆ. (ಆ ಕಡೆ ದಾರೆಹುಳಿ ಮರವಿಲ್ಲದ ಅಂಗಳವನ್ನು ಹುಡುಕುವುದೇ ಕಷ್ಟ ಎಂದು ಆಮೇಲೆ ತಿಳಿಯಿತು.)

ಜಗಲಿಯಲ್ಲಿ ಒಬ್ಬರು ಮುದುಕರು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಅವರು ತಿರುಮಲೇಶ್ವರ ಭಟ್ಟರು. ನಾನು ಅಂಗಳದಿಂದಲೇ ಕೇಳಿದೆ:

"ಗುರುತು ಸಿಕ್ಕಲಿಲ್ಲವೋ ಭಟ್ಟರೇ?"

ಸಿಕ್ಕಲಿಲ್ಲವೆಂದು ಅವರ ಮುಖ ಹೇಳಿತು. ಬಾಯಿ ಬೇರೆಯೇ ಹೇಳಿತು.

"ಸಿಕ್ಕದೆ ಎಂತ ಭಾವಯ್ಯ? ಮೇಲೆ ಬನ್ನಿ. ನೀವು ನನ್ನ ತಂಗಿಯ ಮದುವೆಗೆ ಬಂದವರಲ್ಲವೋ?"

ಅವರು ಹೇಳಿದ್ದೇ ತಡ, ನನ್ನ ಕಣ್ಣೆದುರು ಚಪ್ಪರವೊಂದು ಎದ್ದು ನಿಂತಿತು.

"ಬಂದದ್ದು ಮಾತ್ರವೋ? ಬಡಿಸಿದ್ದೂ ನಾನೇ."

"ಹೌದು, ಸಾರು ಬಡಿಸಿದ್ದು."

"ಸಾರಲ್ಲ, ಮೇಲಾರ."

"ಅದೇ. ಮಜ್ಜಿಗೆ ಹಾಕಿ ಮಾಡಿದ ಬೂದುಗುಂಬಳದ್ದು. ಮೊದಲ ಪಂಕ್ತಿಗೇ ಮುಗಿದಿತ್ತು."

"ಅದಕ್ಕೆ ನಿಮ್ಮ ತಂದೆ ಅಡಿಗೆಯವನಿಗೆ ಬೈದದ್ದು ನೆನಪುಂಟೋ?"

"ತಂದೆಯವರಿಗೆ ಸಿಟ್ಟು ಸ್ವಲ್ಪ ಜಾಸ್ತಿ" ಎಂದು ಭಟ್ಟರು ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ.

ಬೆಲ್ಲ ನೀರು ಬಂತು. "ಆಸರಿಗೆ ಎಂತ ಆದೀತು, ಕಾಫಿಯೋ ಮಜ್ಜಿಗೆಯೋ?" ಎನ್ನುತ್ತ ಭಟ್ಟರ ಹೆಂಡತಿ ದೇವಕಿಯಮ್ಮ ಸತ್ಯವತಿಯನ್ನು ಒಳಗೆ ಕರೆದುಕೊಂಡು ಹೋದರು. ನಾನು ವಿಷಯಕ್ಕೆ ಬಂದೆ.

"ಜನಾರ್ದನ ಎಲ್ಲ ಹೇಳಿರಬೇಕಲ್ಲ?"

"ಹೇಳದೆ ಉಂಟೋ?"

"ಮೇಷ್ಟ್ರ ಕೆಲಸ ಒಳ್ಳೆಯದೇ."

ಭಟ್ಟರು ತುಸು ಯೋಚಿಸಿದರು. "ನಮ್ಮ ಈಶ್ವರಪ್ರಸಾದನಿಗೆ ಬದಿಯಡ್ಕದಲ್ಲಿ ಆಯುರ್ವೇದ ಮದ್ದಿನ ಅಂಗಡಿಯಲ್ಲವೋ?"

"ಮೇಷ್ಟ್ರ ಕೆಲಸ ಬಿಟ್ಟು ಅಂಗಡಿ ಇಟ್ಟದ್ದೋ?"

"ಹಾಗೆಯೇ ಇರಬೇಕು" ಎಂದರು ಹುಡುಗನ ಹೆತ್ತ ತಂದೆ, ಕೊಂಚವೂ ಅಳುಕದೆ.

ಊಟ ಮುಗಿಸಿ, ಜಾತಕ ತರಿಸುವ ಮಾತಾಡಿ ಹೊರಟೆವು. ಗುಡ್ಡ ಹತ್ತುವಾಗ ನಾನು ನನ್ನ ಜ್ಞಾಪಕಶಕ್ತಿಯ ಬಗ್ಗೆ ಒಂದು ಸಣ್ಣ ಉಪನ್ಯಾಸ ಕೊಟ್ಟೆ. ಸತ್ಯವತಿ ಭಜನಾಮಂದಿರದವರೆಗೂ ಕೇಳಿದಳು. ಅಲ್ಲಿ ನಿಂತು ಬಲಗಡೆಯ ದಾರಿಗೆ ಬೆರಳು ತೋರಿಸಿದಳು.

"ನಾವು ಹೋಗಬೇಕಾದ ಮನೆ ಅಲ್ಲಿ ಉಂಟು."

"ಮತ್ತೆ ನಾವು ಹೋದದ್ದು?"

"ಅದು ಬೇರೆ ಯಾರದ್ದೋ ಮನೆ. ನೀವ್ಯಾರೆಂದು ದೇವಕಿಯಕ್ಕ ಒಳಗೆ ಹೋದ ಕೂಡಲೇ ಕೇಳಿದರು. ಅವರ ಯಜಮಾನರಿಗೆ ತಂಗಿಯೇ ಇಲ್ಲವಂತೆ."

ನಾನು ದಾರಿ ಬದಿಯ ಕಲ್ಲಿನ ಮೇಲೆ ಕುಳಿತುಬಿಟ್ಟೆ. ಈಗಷ್ಟೇ ಬಡಿಸಿ ಬಂದವನ ಹಾಗೆ ಮೇಲಾರದ ಪರಿಮಳ ಇನ್ನೂ ಮೂಗಿನಲ್ಲಿತ್ತು.

"ಅಲ್ಲಿಯೇ ಹೇಳಬಾರದಿತ್ತೋ?"

"ಹೇಳುವ ಎಂದೇ ಇದ್ದೆ. ಅಷ್ಟರಲ್ಲಿ ಮನೆ ನೋಡಿದೆ. ಬಾವಿ ಅಡಿಗೆಕೋಣೆಯ ಬಾಗಿಲಲ್ಲೇ ಉಂಟು. ದೇವಕಿಯಕ್ಕ ಮೆಲು ಮಾತಿನವರು. ಹುಡುಗ ತಾಯಿಗೆ ತೆಂಗಿನಕಾಯಿ ತುರಿದು ಕೊಡುತ್ತಿದ್ದ, ಹೇಳದೆಯೇ. ಇದಕ್ಕಿಂತ ಹೆಚ್ಚು ಎಂತ ನೋಡುವುದು? ನಾವು ಹೆಂಗಸರಿಬ್ಬರೂ ಮಾತಾಡಿ ಆಗಿದೆ."

ಮರುದಿನ ಜ್ವರ ಬಿಟ್ಟ ಜನಾರ್ದನ ಹೆದರುತ್ತಲೇ ಬಲಗಡೆಯ ಮನೆಗೆ ಹೋದ. ಆ ಮೇಷ್ಟ್ರು ಹುಡುಗನಿಗೆ ಮಂಗಳೂರಿನ ಒಬ್ಬ ಹುಡುಗಿಯ ಮೇಲೆ ಮನಸ್ಸಂತೆ. ನಾವು ಬಾರದೆ ಉಳಿದದ್ದೇ ಉಪಕಾರವೆಂದು ಅವರು ಜನಾರ್ದನನಿಗೆ ಹೊಟ್ಟೆ ತುಂಬ ಊಟ ಹಾಕಿ ಕಳುಹಿಸಿದರು. ಇತ್ತ ಜಾತಕ ಕೂಡಿತು. ಈಶ್ವರಪ್ರಸಾದ ಬಂದು ಹುಡುಗಿ ನೋಡಿದ. ಮನೋರಮಾ ತೆಂಗಿನಕಾಯಿಯ ಸಂಗತಿ ನಿಜವೋ ಎಂದು ತಾಯಿಯಲ್ಲಿ ಒಳಗೆ ಕೇಳಿ ಖಾತ್ರಿ ಮಾಡಿಕೊಂಡು ಒಪ್ಪಿದಳು. ಮದುವೆ ಚೆನ್ನಾಗಿಯೇ ನಡೆಯಿತು.

ಆದರೆ ನಾನು ಕೋರ್ಟಿನ ಅನ್ನ ಉಂಡವನು. ಮದುವೆಯ ಮರುದಿನ ಬೀಗರ ಮನೆಯ ಔತಣದಲ್ಲಿ ತಿರುಮಲೇಶ್ವರ ಭಟ್ಟರು ನಮ್ಮ ಹಳೆಯ ಸ್ನೇಹವನ್ನು ನೆಂಟರಿಗೆ ವರ್ಣಿಸತೊಡಗಿದರು. ಇಬ್ಬರೂ ಎಳೆಯರಾಗಿದ್ದಾಗ ಒಂದೇ ಕೊಡೆ ಹಿಡಿದು ಮಧೂರಿಗೆ ನಡೆದು ಹೋಗಿದ್ದೆವಂತೆ. ಕೇಳಿ ನನ್ನ ಅಂತರಾತ್ಮ ಚುಚ್ಚಿತು. ಅವರನ್ನು ಜಗಲಿಯ ಮೂಲೆಗೆ ಕರೆದೆ.

"ಭಾವಯ್ಯ, ಒಂದು ಸತ್ಯ ಹೇಳಬೇಕು. ಸಂಬಂಧ ಕೇಳಿಕೊಂಡು ಬಂದ ದಿನಕ್ಕೆ ಮೊದಲು ನಾನು ನಿಮ್ಮನ್ನು ನೋಡಿಯೇ ಇಲ್ಲ. ನಿಮಗೆ ತಂಗಿಯೂ ಇಲ್ಲ."

ಅವರಿಗೆ ಸಿಟ್ಟು ಬರಬಹುದೆಂದು ಕಾದೆ. ಬಂದದ್ದು ಮರುಕ. ನನ್ನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು.

"ನಿಮಗೆ ಪ್ರಾಯ ಎಷ್ಟಾಯಿತು?"

"ಅರುವತ್ತೆರಡು."

"ಇಷ್ಟು ಬೇಗ ಹೀಗಾಗಬಾರದಿತ್ತು" ಎಂದು ನಿಟ್ಟುಸಿರು ಬಿಟ್ಟು ಸತ್ಯವತಿಯನ್ನು ಕರೆದರು. "ಅಕ್ಕ, ಭಾವಯ್ಯನಿಗೆ ಮರೆವು ಸುರುವಾಗಿದೆ. ಹೆದರಬೇಡಿ. ದಿನಾ ಬೆಳಿಗ್ಗೆ ಬರಿ ಹೊಟ್ಟೆಗೆ ತಿಮರೆ ಸೊಪ್ಪಿನ, ಅದೇ ಒಂದೆಲಗದ, ರಸ ತೆಗೆದು ಕೊಡಿ."

ನಾನು ಸತ್ಯವತಿಯ ಮುಖ ನೋಡಿದೆ. ಭೂಮಿಯ ಮೇಲೆ ನನ್ನ ಪರವಾಗಿ ಇದ್ದ ಏಕೈಕ ಸಾಕ್ಷಿ ಅವಳು. ಸಾಕ್ಷಿ ಸೆರಗು ಸರಿಮಾಡಿಕೊಂಡಳು.

"ಕೆಲವು ಸಮಯದಿಂದ ಹೀಗೆಯೇ" ಎಂದಳು.

ಮರುದಿನ ಬೆಳಿಗ್ಗೆ ಹಸುರು ರಸ ತುಂಬಿದ ಲೋಟ ನನ್ನ ಮುಂದೆ ಬಂತು. ಹೆಸರು ಸತ್ಯವತಿ ಎಂದಿಟ್ಟುಕೊಂಡು ಇಂಥ ಸುಳ್ಳು ಸಾಕ್ಷಿ ಹೇಳಬಹುದೋ ಎಂದು ಕೇಳಿದೆ.

"ನಿಜ ಹೇಳಿದ್ದರೆ ಪಾಪ ಅವರಿಗೆ ಈ ಪ್ರಾಯದಲ್ಲಿ ತಂಗಿ ತೀರಿಕೊಂಡ ಹಾಗೆ ಆಗುತ್ತಿತ್ತು" ಎಂದಳು ಅವಳು. "ನಿಮಗೆ ತಿಮರೆಯಿಂದ ತೊಂದರೆ ಎಂತ ಇಲ್ಲ. ಕುಡಿಯಿರಿ."

ಕುಡಿದೆ.